ದೂರ ಬೇಡುವ ಲೆನ್ಸು

ಪರದೆಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರು, ಅವಳ ಗಂಡನ ಜೊತೆ ಒಂದೇ ಒಂದು ಸಲ ಪ್ರವಾಸದ ಚೀಲ ಕಟ್ಟಿ ನೋಡಬೇಕು. ಆಮೇಲೆ ಬೇಕಾದರೆ ಮಾತಾಡಲಿ.

ಮನೆಗಳ ಕಿಟಕಿ ಬಾಗಿಲಿಗೆ ಪರದೆ ಹೊಲಿದೂ ಹೊಲಿದೂ ಅವಳಿಗೆ ಆ ಹೆಸರು ಅಂಟಿತ್ತು. ಬೀದಿಯ ತಿರುವಿನಲ್ಲಿ ಒಂದೇ ಕೋಣೆಯ ಅಂಗಡಿ. ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ನಡುವೆ ಉದ್ದನೆಯ ಮೇಜು, ಮೇಜಿನ ಅಂಚಿಗೇ ಮೊಳೆ ಹೊಡೆದು ಕೂರಿಸಿದ ಅಳತೆಪಟ್ಟಿ. ಕಿಟಕಿಯನ್ನು ಒಮ್ಮೆ ನೋಡುತ್ತಾಳೆ, ಬಟ್ಟೆ ಎಷ್ಟು ಬೇಕೆಂದು ಹೇಳುತ್ತಾಳೆ, ಕತ್ತರಿ ಆಡಿಸುತ್ತಾಳೆ, ಮುಗಿಯಿತು. ಕತ್ತರಿಸಿದ ಮೇಲೆ ಯೋಚಿಸುವುದು ಅವಳ ಜಾಯಮಾನವಲ್ಲ. ಗಂಡನೋ, ಮಾರಾಟಕ್ಕೆ, ಬಾಡಿಗೆಗೆ ಇರುವ ಮನೆಗಳ ಫೋಟೋ ತೆಗೆಯುವವನು. ಅವನ ಹದಿನಾರು ಎಂ.ಎಂ. ಲೆನ್ಸು ಎಂಥದೆಂದರೆ, ಮೊಣಕೈ ಗೋಡೆಗೆ ಬಡಿಯುವ ಬಚ್ಚಲನ್ನೂ ಸಭಾಂಗಣದಷ್ಟು ಅಗಲ ಮಾಡಿ ತೋರಿಸುತ್ತದೆ. ಫೋಟೋ ನಂಬಿ ಓಡಿಬಂದವರು ಹೊಸ್ತಿಲಲ್ಲೇ ನಿಂತು ದಲ್ಲಾಳಿಗೆ ಮಂಗಳಾರತಿ ಎತ್ತುತ್ತಾರೆ. ಬೈಗುಳ ದಲ್ಲಾಳಿಗೆ, ಕೆಲಸ ಇವನಿಗೆ. ಹಾಗಾಗಿ ಇವನಿಗೆ ಆ ಲೆನ್ಸೆಂದರೆ ಪ್ರಾಣ.

ಪರದೆಯಮ್ಮನಿಗೆ ಮಾತ್ರ ಅದನ್ನು ಕಂಡರೆ ಆಗದು. ತನ್ನ ಮತ್ತು ಅಕ್ಕನ ನಡುವೆ ಹುಳಿ ಹಿಂಡಿದ್ದು ಅದೇ ಎಂದು ಅವಳ ಲೆಕ್ಕ. ಅಮ್ಮನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದ್ದರು. ಚಿಕ್ಕ ಪಡಸಾಲೆಯಲ್ಲಿ ಎಲ್ಲರೂ ಹಿಡಿಸಲಿ ಎಂದು ಈ ಮಹಾರಾಯ ಹದಿನಾರರ ಲೆನ್ಸಿನಲ್ಲೇ ಫೋಟೋ ತೆಗೆದ. ಅದಕ್ಕೊಂದು ಕೆಟ್ಟ ಚಾಳಿ ಇದೆ: ನಡುವೆ ನಿಂತವರನ್ನು ಇದ್ದ ಹಾಗೆ ತೋರಿಸುತ್ತದೆ, ಅಂಚಿನಲ್ಲಿ ನಿಂತವರನ್ನು ಎಳೆದು ಅಗಲ ಮಾಡುತ್ತದೆ. ಅಂಚಿನಲ್ಲಿ ನಿಂತಿದ್ದವಳು ಅಕ್ಕ. ಫೋಟೋ ದೊಡ್ಡದಾಗಿ ಪ್ರಿಂಟಾಗಿ ಗೋಡೆ ಏರಿದ ದಿನ ಮನೆಯಲ್ಲಿ ನಗುವೋ ನಗು. ಅಂದಿನಿಂದ ಅಕ್ಕ, ತಂಗಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. ಅಮ್ಮ ತೀರಿಕೊಂಡಾಗಲೂ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತಿದ್ದರು.

ಈಗ ಅಕ್ಕ ಅಂಚೆ ಕಚೇರಿಯ ಕೌಂಟರಿನಿಂದ ನಿವೃತ್ತಳಾಗಿ, ದೂರದ ಊರಿನಲ್ಲಿರುವ ಮಗಳ ಮನೆಗೆ ಹೋಗಿ ನೆಲೆಸುವವಳಿದ್ದಳು. ಅದಕ್ಕೆ ಮೊದಲು ಮೂವರೂ ಬೆಟ್ಟದ ಮೇಲಿನ ಕೆರೆ ನೋಡಿ ಬರೋಣವೇ ಎಂದು ಪರದೆಯಮ್ಮ ಅಳುಕುತ್ತಲೇ ಕೇಳಿದಳು. ಅಕ್ಕ "ಹೂಂ" ಅಂದಳು. ಈ ಸಲ ಸರಿಹೋಗದಿದ್ದರೆ ಇನ್ನು ಯಾವತ್ತೂ ಸರಿಹೋಗುವುದಿಲ್ಲ ಎಂದು ಪರದೆಯಮ್ಮನಿಗೆ ಗೊತ್ತಿತ್ತು.

ಗಂಡನಿಗೆ ಲೆನ್ಸಿನ ಚಿಂತೆ.

ಭುಜ ನೋಯುತ್ತದೆಂದು ಡಾಕ್ಟರು ಭಾರ ಹೊರಬೇಡಿ ಅಂದಿದ್ದರು. ಹಗುರ ಎಂದು ಹಳೆಯ ಕ್ಯಾಮೆರಾ ಕೊಟ್ಟು ಹೊಸ ಬಗೆಯ ಮಿರರ್‌ಲೆಸ್ ಕೊಂಡ. ಉಳಿದ ಭಾರದ ಜಾಗಕ್ಕೆ ಎರಡು ಲೆನ್ಸು ಹೆಚ್ಚಿಗೆ ಸೇರಿಸಿದ. ಇಂಥವನಿಗೆ ಯಾವ ಡಾಕ್ಟರು ಏನು ಮಾಡಿಯಾರು? ಮೇಲಾಗಿ ಬೆಟ್ಟದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಳ್ಳಬೇಕು.

"ಒಂದು ಲೆನ್ಸು ಸಾಕು ರೀ. ಒಂದೇ ಒಂದು."

"ಒಂದು ಅಂದ್ರೆ ಯಾವ್ದೇ? ಹೇಳೋದು ಸುಲಭ."

ಮಂಚದ ತುಂಬ ಲೆನ್ಸುಗಳು ಮಲಗಿದ್ದವು, ಗಂಡ ಹೆಂಡತಿಗೆ ಜಾಗವಿರಲಿಲ್ಲ. ಉದ್ದನೆಯ ಜೂಮು ಎಲ್ಲಕ್ಕೂ ಆಗುತ್ತದಂತೆ, ಆದರೆ ಬೆಳಕು ಕಮ್ಮಿಯಾದರೆ ಕೈಕೊಡುತ್ತದಂತೆ. ಮೂವತ್ತೈದರದ್ದು ಜೇಬಿನಲ್ಲಿ ಹಿಡಿಸುತ್ತದಂತೆ, ಆದರೆ ಅತ್ತ ಅಗಲವೂ ಅಲ್ಲ, ಇತ್ತ ಹತ್ತಿರವೂ ಅಲ್ಲ. ಹದಿನಾರು ಬಿಟ್ಟರೆ ಕೆರೆ ಪೂರ್ತಿ ಬರುವುದಿಲ್ಲವಂತೆ. ಅಡುಗೆಮನೆಯ ತಕ್ಕಡಿ ಮಲಗುವ ಕೋಣೆಗೆ ಬಂತು. ಚೀಲ ತುಂಬಿದ, ತೂಗಿದ, ಸುರಿದ, ಮತ್ತೆ ತುಂಬಿದ. ಅಳೆದೂ ಸುರಿದೂ ಕೊನೆಗೆ "ಆಯ್ತು, ಒಂದೇ" ಎಂದ. ಪರದೆಯಮ್ಮ ಬಟ್ಟೆ ಮಡಚಲು ಹೋದರೆ ಕಾಲುಚೀಲದೊಳಗೊಂದು ಲೆನ್ಸು, ಟವೆಲಿನ ಸುರುಳಿಯೊಳಗೆ ಇನ್ನೊಂದು. ಅವಳಿಗೆ ತಲೆ ಚಿಟ್ಟುಹಿಡಿಯಿತು.

"ಅಕ್ಕ ಬರ್ತಿದ್ದಾಳೆ. ಮುಖ ಮುಖದ ಹಾಗೇ ಬರೋದು ಯಾವ್ದರಲ್ಲಿ? ಅಷ್ಟು ಹೇಳಿ."

"ಎಂಬತ್ತೈದರಲ್ಲಿ. ಆದ್ರೆ ಅದಕ್ಕೆ ತುಂಬಾ ದೂರ ನಿಂತ್ಕೋಬೇಕು, ಜಾಗ..."

"ಆದ್ರೆ ಗೀದ್ರೆ ಏನೂ ಬೇಡ."

ಉಳಿದವನ್ನೆಲ್ಲ ಬಾಚಿ ಅಂಗಡಿಗೆ ಹೊತ್ತೊಯ್ದು, ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಜಡಿದು ಬಂದಳು. ಗಂಡ ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು ಬಸ್ಸು ಹತ್ತಿದ.

ಬಸ್ಸಿನಲ್ಲಿ ನಡೆದದ್ದು ಪರದೆಯಮ್ಮನಿಗೆ ಅರ್ಥವಾಗಲಿಲ್ಲ. ಅಕ್ಕ ಅವನನ್ನು ಹೊಸ ಅಳಿಯನಂತೆ ಉಪಚರಿಸಿದಳು. ಕಿಟಕಿಯ ಸೀಟು ಕೊಟ್ಟಳು, ಭುಜದ ನೋವು ಹೇಗಿದೆ ಎಂದು ವಿಚಾರಿಸಿದಳು, ಬಿಸ್ಕೆಟ್ಟಿನ ಪೊಟ್ಟಣ ಬಿಚ್ಚಿ ಮುಂದಿಟ್ಟಳು. ತಂಗಿ ಏನಾದರೂ ಕೇಳಿದರೆ ಮಾತ್ರ "ಹೂಂ", "ಊಹೂಂ". ಫೋಟೋ ಕೆಡಿಸಿದವನಿಗೆ ಬಿಸ್ಕೆಟ್ಟು, ಒಡಹುಟ್ಟಿದವಳಿಗೆ ಬಿಮ್ಮು! ಇದೆಂಥ ನ್ಯಾಯ ಎಂದು ಅವಳು ಒಳಗೊಳಗೇ ಕುದಿದಳು.

ಮೇಲೆ ಹೋದ ಮೇಲೆ ಗಂಡನ ಗೋಳು ಶುರುವಾಯಿತು. ಕೆರೆ ಹಿಡಿಸುವುದಿಲ್ಲ. ದೋಣಿ ತೆಗೆದರೆ ಅರ್ಧ ದೋಣಿ. ವಸತಿಗೃಹದ ಕೋಣೆಯಲ್ಲಂತೂ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಬರೀ ಮುಖ. "ನಾನು ಹೇಳಿದ್ದೆ," ಎಂದು ಎರಡು ದಿನ ಹೇಳಿದ. ಹೊರಡುವ ಬೆಳಿಗ್ಗೆ ಪರದೆಯಮ್ಮನೇ ಹಟ ಹಿಡಿದು ಅಕ್ಕನನ್ನು ರಸ್ತೆ ಬದಿಯ ಕಲ್ಲುಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯಿತು.

ಅವನು ಕ್ಯಾಮೆರಾ ಕಣ್ಣಿಗೆ ಹಿಡಿದು ಹಿಂದೆ ಸರಿದ. ಇನ್ನೂ ಸರಿದ. ರಸ್ತೆ ದಾಟಿದ. ಅಲ್ಲಿಂದಲೂ ಬೆಟ್ಟ ಬರಲಿಲ್ಲವೆಂದು ಆಚೆಯ ಖಾಲಿ ಜಾಗಕ್ಕೆ ಇಳಿದ.

"ಇದೊಳ್ಳೆ ಕಥೆಯಾಯ್ತು. ಫೋಟೋ ತೆಗೀತಾರೋ, ನಡ್ಕೊಂಡೇ ಊರಿಗೆ ಹೋಗ್ತಾರೋ!" ಎಂದು ಪರದೆಯಮ್ಮ ಗೊಣಗಿದಳು. ಸುಮ್ಮನೆ ಕೂರಲಾರದೆ ತಂಗಿ ಬಾಯಿಬಿಟ್ಟಳು. "ಈ ಸಲ ಹೆದರ್ಬೇಡ ಅಕ್ಕಾ. ಇದು ಒಳ್ಳೇ ಲೆನ್ಸು. ಆ ಹಾಳಾದ ಹದಿನಾರನ್ನ ಬೀಗ ಹಾಕಿ ಬಂದಿದೀನಿ."

ಅಕ್ಕ ನೇರ ಕ್ಯಾಮೆರಾದತ್ತಲೇ ನೋಡುತ್ತಿದ್ದಳು. "ಪಾಪ, ಅದೇನು ಮಾಡಿತ್ತು?"

"ನಿನ್ನನ್ನ ಅಷ್ಟು ದಪ್ಪ ತೋರಿಸ್ಲಿಲ್ವಾ?"

"ನಾನು ದಪ್ಪಾನೇ ಇದ್ದೆ ಕಣೇ ಆಗ. ಆ ಮಾತ್ರೆಗಳನ್ನ ತಿಂದು ಮೈಯೆಲ್ಲ ಊದ್ಕೊಂಡಿತ್ತು. ಕಾಯಿಲೆ ವಿಷಯ ಅಮ್ಮಂಗೂ ಹೇಳಿರ್ಲಿಲ್ಲ. ನಿನಗೊಬ್ಬಳಿಗೇ ಹೇಳಿದ್ದೆ."

ಬಸ್ಸೊಂದು ಬಂದು ನಡುವೆ ನಿಂತಿತು. ಗಂಡ ಮರೆಯಾದ.

"ಫೋಟೋ ಗೋಡೆಗೆ ಹಾಕಿದಾಗ ಎಲ್ರೂ ಸುಮ್ನೇ ನೋಡ್ತಿದ್ರು," ಅಂದಳು ಅಕ್ಕ. "ಮೊದಲು ನಕ್ಕಿದ್ದು ನೀನು. 'ಅಕ್ಕ ಒಬ್ಬಳೇ ಇಬ್ಬರ ಜಾಗ ಹಿಡಿದಿದ್ದಾಳೆ' ಅಂದೆ. ನೀನು ನಕ್ಕಮೇಲೇ ಉಳಿದೋರು ನಕ್ಕಿದ್ದು."

ಇಲ್ಲ ಎನ್ನಲು ಪರದೆಯಮ್ಮನ ಬಾಯಿ ತೆರೆದೇ ಇತ್ತು. ಆದರೆ ಆ ಮಾತು ಅವಳಿಗೆ ನೆನಪಿತ್ತು. ಹೇಳಿದ ಧಾಟಿಯೂ ನೆನಪಿತ್ತು. ಇಷ್ಟು ವರ್ಷ ಗಂಡನನ್ನೂ ಅವನ ಗಾಜನ್ನೂ ಬೈದದ್ದೇ ಬಂತು. ಅವಳಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು.

"ನಿನ್ನ ಯಜಮಾನ್ರು ಮಾರನೇ ದಿನವೇ ಬಂದು, ತಪ್ಪಾಯ್ತು ಅತ್ತಿಗೆ, ನಿಮ್ಮನ್ನ ಅಂಚಲ್ಲಿ ನಿಲ್ಲಿಸ್ಬಾರ್ದಿತ್ತು ಅಂದು ಹೋದ್ರು. ನಿನಗೆ ಹೇಳ್ಲಿಲ್ವೇನೋ. ನೀನೂ ಬರ್ತೀಯ ಅಂತ ಬಾಗಿಲು ನೋಡ್ತಾ ಇದ್ದೆ."

ಬಸ್ಸು ಹೊರಟಿತು. ಆಚೆ ಕಡೆಯಿಂದ ಗಂಡ ಕೈಬೀಸಿ ಕೂಗಿದ: "ಯಾಕೆ ಮುಖ ಗಂಟು ಹಾಕಿದೀರಿ? ಸ್ವಲ್ಪ ನಗಿ!"

ಇಬ್ಬರೂ ನಗಲಿಲ್ಲ.

"ನಾನೇ ನಕ್ಕೆ ಅಕ್ಕಾ," ಅಂದಳು ಪರದೆಯಮ್ಮ. "ಗೊತ್ತಿದ್ದೂ ನಕ್ಕೆ. ತಪ್ಪಾಯ್ತು."

"ಅಮ್ಮ ಇದ್ದಾಗಲೇ ಬಂದು ಇದನ್ನ ಹೇಳ್ಬೇಕಿತ್ತು ನೀನು," ಅಂದಳು ಅಕ್ಕ. ಹಾಗಂದವಳು ಎದ್ದು ಹೋಗಲಿಲ್ಲ. ಸರಿದು ಬಂದು ತಂಗಿಗೆ ಒತ್ತಿ ಕೂತು ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣೂ ತುಂಬಿತ್ತು.

"ಆಯ್ತಾ? ಬಂದುಬಿಡ್ಲಾ?" ಎಂದು ಗಂಡ ರಸ್ತೆಗೆ ಕಾಲಿಟ್ಟ.

ಪರದೆಯಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಅವನ ಮೇಲೆ ರೇಗಿದಳು: "ಬರ್ಬೇಡ್ರೀ! ಹಿಂದೆ ಹೋಗಿ! ಇನ್ನೂ ಹಿಂದೆ ಹೋಗಿ!"