ಕುಂಕುಮ ಕಚ್ಚಿದ ಕಾಲೆಟ್

ಹೋದ ವಾರ ನನ್ನ ಹಳೆಯ ರೌಟರ್ ಟೇಬಲ್ ಕೊಳ್ಳಲು ಕಟ್ಟೆಮಳಲವಾಡಿಯಿಂದ ಬಡಗಿಯೊಬ್ಬರು ಬಂದಿದ್ದರು. ಹೊಸ ಮಿಷನ್ ಬಂದ ಮೇಲೆ ಅದು ಹುಣಸೂರಿನ ನನ್ನ ವರ್ಕ್‌ಶಾಪಿನ ಮೂಲೆಯಲ್ಲಿ ಸುಮ್ಮನೆ ಜಾಗ ತಿನ್ನುತ್ತಿತ್ತು. ವ್ಯಾಪಾರ ಕುದುರಿತು. ಅವರು ಆಟೋದಿಂದ ಹಗ್ಗ ತರಲು ಹೋದಾಗ ನಾನು ಮಿಷನ್ನಿನ ಬಾಯಿಂದ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡೊಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದು ವ್ಯಾಪಾರದ ಮಾತಿನಲ್ಲಿ ಸೇರಿರಲಿಲ್ಲ. ಮತ್ತೆ ತೆಗೆದು ಬೆಳಕಿಗೆ ಹಿಡಿದೆ. ಅದರ ಥ್ರೆಡ್ಡಿನ ಸಂದಿಯಲ್ಲಿ ಇನ್ನೂ ಕೂದಲೆಳೆಯಷ್ಟು ಕೆಂಪು. ಮೂಗಿಗೆ ಹಿಡಿದರೆ ಎಣ್ಣೆ, ಹೊನ್ನೆ ಮರದ ಪುಡಿ... ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತಂತಾಯಿತು.

ಮೇಸ್ತ್ರಿ ಪಿರಿಯಾಪಟ್ಟಣದ ಕಡೆಯವರು. ನಾನಾಗ ಕೆ.ಆರ್. ನಗರದ ಸುತ್ತ ಕೆಡವಿದ ಹಳೆ ಮನೆಗಳ ಬಾಗಿಲು, ತೊಲೆ ಕೊಂಡು ಮಾರುತ್ತಿದ್ದೆ. ಒಂದು ದಿನ ನನ್ನ ಚೌಕಾಸಿ ಕೇಳುತ್ತಾ ನಿಂತಿದ್ದವರು, "ನಿಂಗೆ ಬಾಯದೆ, ನಂಗೆ ಕೈಯದೆ, ಸೇರ್ಕಳಣ ನಡಿ" ಅಂದರು. ಹಾಗೆ ಶುರುವಾದದ್ದು ನಮ್ಮ ವರ್ಕ್‌ಶಾಪು. ಕೆಲಸದಲ್ಲಿ ಗಟ್ಟಿಗರು, ಬಡಾಯಿಯಲ್ಲಿ ಇನ್ನೂ ಗಟ್ಟಿಗರು. ನನ್ನನ್ನು ಸಾವ್ಕಾರ ಎಂದು ಕರೆದು ಗಿರಾಕಿಗಳ ಮುಂದೆ ಚುಡಾಯಿಸುತ್ತಿದ್ದರು.

ರೌಟರ್ ಅಂದರೆ ಮರದ ಅಂಚಿಗೆ ಹೂವಿನ ಡಿಸೈನು ಹೊಡೆಯುವ, ಉದ್ದುದ್ದ ಕಾಲುವೆಯಂಥ ಕಾಡಿ ತೋಡುವ ಮಿಷನ್. ಅದನ್ನು ತಲೆಕೆಳಗು ಮಾಡಿ ಮೇಜಿನ ಅಡಿಗೆ ಬಿಗಿದರೆ ರೌಟರ್ ಟೇಬಲ್. ಮೇಲೆ ಕೆಲಸ ಸಲೀಸು. ಆದರೆ ಕತ್ತರಿಸುವ ಬಿಟ್ ಬದಲಾಯಿಸಬೇಕೆಂದರೆ ಮೇಜಿನ ಕೆಳಗೆ ಮೊಣಕಾಲೂರಿ, ಕತ್ತಲಲ್ಲಿ ಎರಡು ಸ್ಪ್ಯಾನರ್ ಹಿಡಿದು, ಬಿಟ್ಟನ್ನು ಕಚ್ಚಿಕೊಂಡಿರುವ ಕಾಲೆಟ್ಟಿನ ನಟ್ ಸಡಿಲಿಸಬೇಕು. ಒಂದೇ ಕಿಟಕಿಗೆ ಹಲವು ಸಲ. ಮೇಸ್ತ್ರಿಯ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಕೆಳಗೆ ಕೂತವರು ಏಳುವಾಗ ಮೇಜಿನ ಕಾಲು ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಏಳುತ್ತಿದ್ದರು. ನಾನು ನೋಡುತ್ತಿದ್ದೆ.

ಸಾಲಿಗ್ರಾಮದ ಒಂದು ಕಲ್ಯಾಣ ಮಂಟಪದ ಬಾಗಿಲು, ಕಿಟಕಿಗಳ ಕೆಲಸವೆಲ್ಲ ನಮ್ಮ ಪಾಲಿಗೆ ಬಂದ ವರ್ಷ ಅದು. ನಾನು ಕುಣಿಯುತ್ತಿದ್ದೆ. ಅವರು ಬೀಡಿ ಆರಿಸಿ ತಣ್ಣಗೆ ಹೇಳಿದರು: "ಈ ಮಂಟಪದ್ದು ಮುಗುಸ್ಬುಟ್ಟು ನಾ ಉಳಿ ಇಟ್ಬುಡ್ತೀನಿ ಕಣ್ಲಾ. ಆ ಮೇಜಿನ್ ಅಡಿಗೆ ಇನ್ನ ನನ್ನ್ ಕೈಲಾಗಕ್ಕಿಲ್ಲ." ಬಾಯೊಂದನ್ನೇ ಇಟ್ಟುಕೊಂಡು ನಾನು ಯಾವ ವರ್ಕ್‌ಶಾಪು ನಡೆಸಲಿ?

ಅದಾದ ಸ್ವಲ್ಪ ದಿನಕ್ಕೆ ಮರ ನೋಡಲು ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ಗೆ ಹೋಗಿದ್ದೆ. ಅಲ್ಲಿ ವಯನಾಡಿನಿಂದ ಬಂದಿದ್ದ ಬಡಗಿಯೊಬ್ಬ ರೌಟರ್ ಟೇಬಲ್ ಮುಂದೆ ನೆಟ್ಟಗೆ ನಿಂತುಕೊಂಡೇ ಬಿಟ್ ಬದಲಾಯಿಸಿದ! ಕೈಯಲ್ಲಿದ್ದ ಟೀ ಕುಡಿಯುವುದನ್ನೇ ಮರೆತೆ. ಕೇಳಿದರೆ ಕಾಲೆಟ್ ಎಕ್ಸ್‌ಟೆನ್ಷನ್ ಎಂದ. ಮಿಷನ್ನಿನ ಬಾಯಿಗೆ ಬಿಟ್ ಹಾಕುವಂತೆಯೇ ಇದನ್ನು ಹಾಕುವುದು. ಇದರ ತಲೆಯಲ್ಲಿ ಇನ್ನೊಂದು ಬಾಯಿ. ಆ ಬಾಯಿ ಮೇಜಿನ ಮೇಲಕ್ಕೆ ಬರುತ್ತದೆ. ಮರ ನೋಡದೆಯೇ ಮೈಸೂರು ಬಸ್ಸು ಹತ್ತಿದೆ.

ಟೂಲ್ಸ್ ಅಂಗಡಿಯವರು ಎರಡು ಬಗೆ ಮುಂದಿಟ್ಟರು. ಅಗ್ಗದ್ದರಲ್ಲಿ ಪಕ್ಕದಿಂದ ಒಂದು ಸ್ಕ್ರೂ ಒತ್ತಿ ಬಿಟ್ ಹಿಡಿಯುತ್ತದೆ. ಇನ್ನೊಂದಕ್ಕೆ ತನ್ನದೇ ಕಾಲೆಟ್, ಸುತ್ತಲಿಂದಲೂ ಒಂದೇ ಸಮ ಕಚ್ಚುತ್ತದೆ. ನೀವೂ ಕೊಳ್ಳುವವರಿದ್ದರೆ ಕೇಳಿ, ನಾನು ಮಾಡಿದ್ದನ್ನೇ ಮಾಡಿ. ಎರಡನ್ನೂ ಅಂಗಡಿಯ ಮಿಷನ್ನಿಗೇ ಹಾಕಿಸಿ, ಪ್ಲಗ್ ಕೀಳಿಸಿ, ನೇರವಾದ ಕಂಬಿಯೊಂದನ್ನು ಸಿಕ್ಕಿಸಿ, ಪಕ್ಕದಲ್ಲಿ ಪೆನ್ಸಿಲ್ ಮೊನೆ ಅಲ್ಲಾಡದಂತೆ ಹಿಡಿದು ಕೈಯಿಂದ ತಿರುಗಿಸಿ. ಮೊನೆಗೂ ಕಂಬಿಗೂ ನಡುವಿನ ಸಂದಿ ಒಂದೇ ಸಮ ಇರಬೇಕು. ಪಕ್ಕದ ಸ್ಕ್ರೂನದ್ದರಲ್ಲಿ ಸಂದಿ ತೆರೆಯಿತು, ಮುಚ್ಚಿತು, ಕಣ್ಣು ಮಿಟುಕಿಸಿದ ಹಾಗೆ. ಅಗ್ಗಕ್ಕೆ ಸೋಲುವ ನಾನು ಅವತ್ತು ಸೋಲಲಿಲ್ಲ. ನಿಮ್ಮ ಮಿಷನ್ನಿನ ಬಾಯಿಯ ಅಳತೆ ಬರೆದುಕೊಂಡು ಹೋಗಿ. ಮೇಜಿನ ದಪ್ಪ ದಾಟಿ ನಟ್ ಮೇಲೆ ಬರುತ್ತದೆಯೇ ಅಳೆದು ನೋಡಿ. ಅಗಲದ ಬಿಟ್ಟುಗಳನ್ನು ಇದಕ್ಕೆ ಹಾಕಲೇಬೇಡಿ, ಉದ್ದ ಹೆಚ್ಚಿದಷ್ಟೂ ನಡುಕ ಹೆಚ್ಚು. ನಾನು ರೇಟಿಗಿಂತ ಜಾಸ್ತಿ ಚೌಕಾಸಿ ಮಾಡಿದ್ದು ಒಂದು ಮಾತಿಗೆ: ಅದುರಿದರೆ ವಾಪಸ್ಸು.

ತಂದದ್ದು ಆಯುಧ ಪೂಜೆಯ ದಿನ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಇಷ್ಟುದ್ದದ ಕಬ್ಬಿಣ ನನ್ನ ಮೊಣಕಾಲು ಉಳಿಸುತ್ತದೆಯೇ ಎಂದು ನಕ್ಕರು. ನಕ್ಕರೂ, ಉಳಿ, ಗರಗಸಗಳಿಗಿಂತ ಮುಂಚೆ ಅದಕ್ಕೇ ಪೂಜೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಬಳಿದು, ಹೂ ಮುಡಿಸಿದರು.

ಮಾರನೆಯ ದಿನ ಹಾಕಿ ಕೈಯಿಂದ ತಿರುಗಿಸಿದರೆ ಬಿಟ್ ಕುಡಿದವರ ಹಾಗೆ ತೂರಾಡಿತು. ಮಿಷನ್ ಹಾಕಲು ಧೈರ್ಯವೇ ಬರಲಿಲ್ಲ. ಮೇಸ್ತ್ರಿಯ ಮುಖ ಇಳಿದುಹೋಯಿತು. ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಮೇಜಿನ ಕೆಳಗೆ ಬಗ್ಗಲು ಹೊರಟರು... ನನಗೆ ತಡೆಯಲಾಗಲಿಲ್ಲ. ಆ ಅಂಗಡಿಯವನಿಗೆ ಇವತ್ತು ಇದೆ ಎಂದು ಕೂಗಾಡುತ್ತಾ ಚಪ್ಪಲಿ ಮೆಟ್ಟಿದೆ. ಕೊಟ್ಟುಕಳಿಸಲು ಅದನ್ನು ಬಿಚ್ಚಿದ ಮೇಸ್ತ್ರಿ ಕಾಲೆಟ್ಟನ್ನು ಹೊರಗೆಳೆದು ಬೆರಳಿನಿಂದ ಒಳಗೆ ಸವರಿದರು. ಬೆರಳು ಕೆಂಪಾಗಿತ್ತು. ಸೀಳುಗಳ ಒಳಗೆಲ್ಲ ಕುಂಕುಮ ಗಟ್ಟಿಯಾಗಿ ಕೂತು, ಬಿಟ್ಟನ್ನು ಒಂದು ಪಕ್ಕಕ್ಕೆ ದೂಡುತ್ತಿತ್ತು.

"ನಿಲ್ಲಲಾ ಸಾವ್ಕಾರ," ಅಂದರು. "ಅಂಗ್ಡಿಯವ್ನ್ ಮ್ಯಾಕ್ ಎಗರ್ಬ್ಯಾಡ. ಇದುಕ್ಕೆ ಉಣ್ಸಿರಾಂವ ನಾನೇ ಕಣೋ."

ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಇಬ್ಬರೂ ಕೂತು ಉಜ್ಜಿದೆವು, ನಗುತ್ತಾ ಉಜ್ಜಿದೆವು. ಒರೆಸಿ ಹಾಕಿ ಪೆನ್ಸಿಲ್ ಹಿಡಿದರೆ ಸಂದಿ ಗೆರೆ ಎಳೆದ ಹಾಗೆ ನಿಂತಿತು. ಮಿಷನ್ ಹಾಕಿದೆವು. ನಡುಕವಿಲ್ಲ, ಒಂದೇ ರಾಗ. ಬಿಟ್ ಹೊನ್ನೆಯ ಅಂಚನ್ನು ಬೆಣ್ಣೆಯಂತೆ ಕೊರೆಯಿತು. ಆಮೇಲೆ ಪ್ಲಗ್ ಕಿತ್ತು, ಮೇಸ್ತ್ರಿ ನೆಟ್ಟಗೆ ನಿಂತು ಬಿಟ್ ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಬೇಕಿಲ್ಲದಿದ್ದರೂ ಇನ್ನೊಮ್ಮೆ. ಮೇಜಿನ ಮೇಲೆ ಅಂಗೈ ಬಡಿದು ಹೇಳಿದರು: "ನಿಂತ್ಕಂಡೇ ಕಣ್ಲಾ! ನಿಂತ್ಕಂಡೇ!"

ಉಳಿ ಇಡುವ ಮಾತು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಮಂಟಪ ಮುಗಿದು ಎಷ್ಟೋ ಬಾಗಿಲುಗಳಾದವು. ಬಂದ ಗಿರಾಕಿಗಳಿಗೆಲ್ಲ ತಾವೇ ಕಂಡುಹಿಡಿದವರಂತೆ ತೋರಿಸುತ್ತಿದ್ದರು. ಆಯುಧ ಪೂಜೆ ಬಂದರೆ ಮಿಷನ್ನಿನ ಬಾಯಿಗೆ ಬಟ್ಟೆ ಕಟ್ಟಿ, ಮೇಜಿನ ಕಾಲಿಗೆ ಕುಂಕುಮ ಇಡುತ್ತಿದ್ದರು. ಕೊನೆಗೊಂದು ವರ್ಷ ಹಬ್ಬಕ್ಕೆ ಅವರೇ ಇರಲಿಲ್ಲ... ಬಟ್ಟೆ ನಾನು ಕಟ್ಟಿದೆ.

ಹೊರಗೆ ಹೆಜ್ಜೆ ಸಪ್ಪಳವಾಗಿ ತುಂಡು ಮತ್ತೆ ನನ್ನ ಜೇಬು ಸೇರಿತು. ಹಗ್ಗ ಹಿಡಿದು ವಾಪಸ್ಸು ಬಂದ ಬಡಗಿ ಮೇಜಿನ ಕೆಳಗೆ ನೋಡಲು ಬಗ್ಗಿದರು. ಏಳುವಾಗ ಮೇಜಿನ ಕಾಲು ಹಿಡಿದರು. ಹಿಡಿಯುವ ಮುಂಚೆ, ನಾನು ನೋಡುತ್ತಿದ್ದೇನೆಯೇ ಎಂದು ಒಮ್ಮೆ ಈ ಕಡೆ ನೋಡಿದರು.

ಜೇಬಿನಿಂದ ತುಂಡನ್ನು ತೆಗೆದು ಮಿಷನ್ನಿಗೆ ಹಾಕಿಕೊಟ್ಟೆ. ಬಿಟ್ಟನ್ನು ತಳಕ್ಕೆ ಮುಟ್ಟಿಸಿ ಕೂದಲೆಳೆಯಷ್ಟು ಮೇಲೆತ್ತಿ ಬಿಗಿಮಾಡಬೇಕೆಂದೂ, ಕುಂಕುಮ ಮೇಜಿನ ಕಾಲಿಗೆ ಮಾತ್ರವೆಂದೂ ಹೇಳಿದೆ. ಇದಕ್ಕೆಷ್ಟು ಎಂದು ಅಳುಕುತ್ತಾ ಕೇಳಿದರು. ಅದು ಮಿಷನ್ನಿನ ಜೊತೆಗೇ ಎಂದು ಬಿಟ್ಟೊಂದನ್ನು ಅವರ ಕೈಗಿಟ್ಟೆ. ಅವರು ನಿಂತುಕೊಂಡೇ ಬಿಟ್ ಹಾಕಿ, ತೆಗೆದು, ಮತ್ತೆ ಹಾಕಿ ಸಣ್ಣಗೆ ನಕ್ಕರು.

ಆಟೋ ತಿರುವು ದಾಟುವವರೆಗೆ ಬಾಗಿಲಲ್ಲಿದ್ದೆ. ಒಳಗೆ ಬಂದರೆ ಮೂಲೆಯಲ್ಲಿ ಮೇಜಿನ ನಾಲ್ಕು ಕಾಲಿನ ಗುರುತು, ಒಂದರ ಸುತ್ತ ನೆಲವೆಲ್ಲ ಕೆಂಪು.