ಅಂಗಳದ ಇಂಗ್ಲೆಂಡು

ಹಸಿ ಜೋಳದ ದಂಟು ಮುರಿದಾಗ ಬರುವ ಸಿಹಿ ವಾಸನೆ ನಿಮಗೂ ಗೊತ್ತಿರಬೇಕು. ಯಾರ ಹೊಲದ ಬದುವಿನಲ್ಲಿ ಅದು ಮೂಗಿಗೆ ಬಡಿದರೂ ನಾನು ನರಗುಂದದ ನಮ್ಮ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಗುಡ್ಡದ ಕೋಟೆಯ ಕೆಳಗಿದ್ದ ಆ ಅಂಗಳವೇ ನಮ್ಮಪ್ಪನ ಶಾಲೆ. ಅಪ್ಪ ಧಾರವಾಡದಲ್ಲಿ ಕಲಿತು ಬಂದವನು. ಬರುವಾಗ ಇಂಗ್ಲಿಷರ ಚರಿತ್ರೆಯ ಒಂದು ಮರಾಠಿ ಪುಸ್ತಕ ತಂದು ದೇವರ ಜಗಲಿಯ ಪಕ್ಕದಲ್ಲೇ ಇಟ್ಟಿದ್ದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ನಮ್ಮಪ್ಪನದು ತಿರುವುಮುರುವು ಎಂದು ಅವ್ವನ ತವರಿನವರು ಅಬ್ಬಿಗೇರಿಯಿಂದ ಬಂದಾಗಲೆಲ್ಲ ನಗುತ್ತಿದ್ದರು.

ಬರಿಯ ಬಾಯಿಪಾಠ ಅಪ್ಪನಿಗೆ ಸೇರುತ್ತಿರಲಿಲ್ಲ. ಅಂಗಳದಲ್ಲಿ ಬೂದಿಯಿಂದ ಇಂಗ್ಲೆಂಡು ಬರೆದು, ಸುತ್ತಲೂ ಕೊಡದ ನೀರು ಸುರಿದು ಸಮುದ್ರ ಮಾಡುತ್ತಿದ್ದ. ಹುಡುಗರ ಕೈಗೆ ದಂಟು ಕೊಟ್ಟು, ಎರಡು ದಂಡು ಕಟ್ಟಿ ಕಾದಾಡಿಸುತ್ತಿದ್ದ. ಫ್ರೆಂಚರ ಬಾದಶಹನಾಗಲು ಎಲ್ಲರಿಗೂ ಆಸೆ, ಇಂಗ್ಲಿಷನಾಗಲು ಒಬ್ಬನೂ ಒಪ್ಪ. ಹೀಗಾಗಿ ಮಾಸ್ತರ ಮಗನಾದ ನನ್ನ ಅಣ್ಣ ಬಸುವಿಗೇ ಆ ಪಟ್ಟ. ಹೆಣ್ಣುಮಗಳೆಂದು ನನಗೆ ಪಾಠವಿರಲಿಲ್ಲ, ಆದರೆ ಇಂಗ್ಲೆಂಡಿಗೆ ರಾಣಿ ಬೇಕಲ್ಲ! ಕಟ್ಟಿಗೆಯ ಕೊರಡಿನ ಮೇಲೆ ಕೂತು ಹುಕುಮು ಕೊಡುತ್ತಿದ್ದೆ. ಆಟವೆಂದು ಯಾರೂ ಕೈ ತಡೆಯುತ್ತಿರಲಿಲ್ಲ. ತುಟಿ ಒಡೆದು ನೆತ್ತರು ಬೂದಿಯ ಮೇಲೆ ಹನಿಯುತ್ತಿತ್ತು, ಅವ್ವ ಬೈಯುತ್ತ ಅರಿಸಿನ ಒತ್ತುತ್ತಿದ್ದಳು. ಅಪ್ಪನ ಕಟ್ಟಳೆ ಒಂದೇ. "ಹತಾರ ಕೆಳಗಿಟ್ಟು ಕೂತವನ ಮೈಮ್ಯಾಲ ಇಂಗ್ಲಿಷರು ಕೈ ಎತ್ತೂದಿಲ್ಲ, ತಿಳೀತೇನು?" ಅನ್ನುತ್ತಿದ್ದ. ಅಣ್ಣ ಆ ಕಟ್ಟಳೆಯನ್ನು ಎಂದೂ ಮುರಿಯಲಿಲ್ಲ.

ಆಮೇಲೆ ಇಂಗ್ಲಿಷರ ಸರಕಾರ ಊರೂರಿನ ಹತಾರ, ಕತ್ತಿ ಬಂದೂಕು ಎಲ್ಲ, ತಂದೊಪ್ಪಿಸಲು ಕೇಳಿತು. ಕೋಟೆಯ ಅರಸ ತಿರುಗಿಬಿದ್ದ. ಒಂದು ಮುಂಜಾನೆ ಊರ ಅಗಸೆಬಾಗಿಲಿಗೆ ಸಾಹೇಬನೊಬ್ಬನ ತಲೆ ತೂಗಿತು. ಜನ ಕೇಕೆ ಹಾಕಿದರು, ಕಲ್ಲು ಎಸೆದರು. ನೊಣ ಮುತ್ತಿದ ಆ ಮುಖ ನೋಡಿ ಅಣ್ಣ ಅಲ್ಲೇ ವಾಂತಿ ಮಾಡಿಕೊಂಡ. ಅವ್ವ ಗಂಟುಮೂಟೆ ಕಟ್ಟಿ, "ಅಬ್ಬಿಗೇರಿಗೆ ಹೋಗೂಣ ನಡೀರಿ, ಇವತ್ತೇ ಹೋಗೂಣ" ಎಂದು ಅಂಗಲಾಚಿದಳು. ಅಪ್ಪ ಕೇಳಲಿಲ್ಲ. "ನಾವೇನ ಹತಾರ ಹಿಡದೇವೇನ? ಅವರು ಕಾಯ್ದೆದ ಮಂದಿ. ನನಗ ಗೊತ್ತೈತಿ" ಅಂದ.

ಇಂಗ್ಲಿಷರ ದಂಡು ಬಂತು. ಮೊದಲು ತೋಪಿನ ಸದ್ದು, ಆಮೇಲೆ ಓಣಿಯಲ್ಲಿ ಬಾಗಿಲು ಒಡೆಯುವ ಸದ್ದು, ಆಮೇಲೆ ಹೆಂಗಸರ ಕೂಗು. ಎದುರುಮನೆಯ ಮುದುಕನನ್ನು ಅವನ ಹೊಸ್ತಿಲಲ್ಲೇ ಕಡಿದದ್ದನ್ನು ಕಿಟಕಿಯ ಸಂದಿಯಿಂದ ಕಂಡೆ. ಅಣ್ಣ ಬಡಿಗೆ ಹಿಡಿದು ಅಂಗಳಕ್ಕೆ ಹಾರಿದ. ಹಿತ್ತಲ ಬಾಗಿಲು ತೆಗೆದು ಅವ್ವ ಕೂಗಿದಳು, "ಓಡೋ ನನ್ನಪ್ಪಾ, ಇತ್ತ ಓಡಿ ಬಾರೋ!" ಅಣ್ಣ ತಿರುಗಿದ್ದ, ಒಂದು ಹೆಜ್ಜೆ ಇಟ್ಟೂ ಇದ್ದ. ಆಗ ಪಡಸಾಲೆಯಿಂದ ಅಪ್ಪ ಚೀರಿದ, "ಬಡಿಗಿ ಒಗಿ, ಬಸೂ! ಕೆಳಗ ಕುಂದ್ರು! ಕುಂದ್ರೋ!" ಅಣ್ಣ ಬಡಿಗೆಯನ್ನು ಎಸೆಯಲಿಲ್ಲ, ಮೆಲ್ಲಗೆ ನೆಲಕ್ಕಿಟ್ಟ. ಕಾಲು ಮಡಚಿ ಕೂತು ಎರಡೂ ಅಂಗೈ ತೋರಿಸಿದ. ಒಳಗೆ ನುಗ್ಗಿದ ದಂಡಿನ ಸೋಜರನೊಬ್ಬ ನಿಲ್ಲಲೂ ಇಲ್ಲ, ಬಂದೂಕಿನ ತುದಿಯ ಕತ್ತಿಯನ್ನು ಅವನ ಕೊರಳಿಗೆ ಇಳಿಸಿ, ಎದೆಯ ಮೇಲೆ ಕಾಲಿಟ್ಟು ಕಿತ್ತುಕೊಂಡ. ಅವ್ವ ನನ್ನ ಬಾಯಿ ಮುಚ್ಚಿ ಹಿತ್ತಲಿಗೆ ಎಳೆದಳು. ನಾವು ಹೊಲ ದಾಟುವಾಗ ಮನೆಗೆ ಬೆಂಕಿ ಬಿದ್ದಿತ್ತು.

ಅಪ್ಪ ಹೇಗೋ ಬದುಕಿ, ನಮ್ಮ ಹಿಂದೆ ಅಬ್ಬಿಗೇರಿಗೆ ಬಂದು ಸೇರಿದ. ನರಗುಂದದಲ್ಲಿ ಆ ಮನೆಯ ಗುರುತೂ ಈಗ ಉಳಿದಿಲ್ಲ. ಆ ಅಂಗಳದಲ್ಲಿ ಕಾದಾಡಿದ ಹುಡುಗರು ಎತ್ತೆತ್ತ ಹೋದರೋ, ಯಾರನ್ನು ಕೇಳಲಿ? ವರ್ಷ ಕಳೆದ ಮೇಲೆ ಅಬ್ಬಿಗೇರಿಯ ಹಿರಿಯರು ಮನೆಗೆ ಬಂದು, ನಮ್ಮ ಮಕ್ಕಳಿಗೂ ಒಂದು ಸಾಲಿ ತೆಗೀರಿ ಮಾಸ್ತರ ಎಂದು ಕೇಳಿಕೊಂಡರು. ಅಪ್ಪ ತಲೆ ತಗ್ಗಿಸಿ, "ಇಲ್ರಿ, ನನಗ ಕಲಸಾಕ ಬರೂದಿಲ್ಲ" ಅಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಂಗ್ಯಾಕ ಅಂತೀರಿ? ನೀವು ಕಲಿಸಿದ್ದು ನನ್ನ ಮಗಗ ಪೂರಾ ಬಂದಿತ್ತು."