ಒಂದರ ಮೇಲೊಂದು ಕೂಡದ ತಗ್ಗುಗಳು

೧೯೮೭ರಲ್ಲಿ ನನ್ನ ಓದು ನಿಂತಿತು, ಏಳನೇ ಇಯತ್ತೆಗೆ. ಅಂಗಡಿಗೆ ಬರುವ ಹಾಳೆಗಳಲ್ಲಿ ಏನು ಬರೆದಿದೆ ಎಂಬುದು ನನಗೆ ತಿಳಿಯದು. ಅಂಚು ನೇರ ಬಂತೇ, ಮಸಿ ಹರಡಿತೇ ಎಂಬುದು ತಿಳಿಯುತ್ತದೆ. ಮೊನ್ನೆ ಮಶೀನಿನಲ್ಲಿ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿಕೊಂಡು ಸುಟ್ಟ ವಾಸನೆ ಬಂದಾಗ ಅಕ್ಕಾರು ನೆನಪಾದರು.

ಎರಡು ಸಾವಿರದ ಐದಾರರ ಮಾತು. ಮರಾಠಿ ಸೀಮೆಯ ಈ ಶಿವಾಜಿನಗರದ ನನ್ನ ಝೆರಾಕ್ಸ್ ಅಂಗಡಿಗೆ ಬರುತ್ತಿದ್ದರು. ಧಾರವಾಡದ ಕಡೆಯವರು, ನಕ್ಷತ್ರಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ನನಗಿಂತ ಚಿಕ್ಕವರಾದರೂ ನಾನು ಅಕ್ಕಾರು ಎನ್ನುತ್ತಿದ್ದೆ. ಯಾವುದೋ ನಕ್ಷತ್ರದ ಬೆಳಕು ಆಗಾಗ ತುಸು ಕುಗ್ಗುತ್ತದಂತೆ, ಅದರ ಮುಂದೆ ಗ್ರಹವೊಂದು ಹಾಯುತ್ತಿರಬೇಕಂತೆ. ನಾಲ್ಕು ವರ್ಷದ ದುಡಿಮೆ ಆ ಒಂದು ಗ್ರಹದ ಮೇಲೆ ನಿಂತಿತ್ತು. ಒಂದು ಸಂಜೆ, ಮರುದಿನ ತಮ್ಮ ಗೈಡ್ ಸರ್ ಮುಂದೆ ತೋರಿಸಲು ಪ್ಲಾಸ್ಟಿಕ್ ಹಾಳೆಗಳ ಮೇಲೆ ಪ್ರತಿ ತೆಗೆಸಲು ಬಂದಿದ್ದರು.

ಹಾಳೆಯ ಮೇಲೆ ಆ ನಕ್ಷತ್ರದ ಬೆಳಕಿನ ಗೆರೆ; ಬೆಳಕು ಕುಗ್ಗಿದಲ್ಲೆಲ್ಲ ಅದು ತಗ್ಗಿಗೆ ಇಳಿದಿತ್ತು. ಒಂದು, ಮೂರು, ಐದನೆಯ ತಗ್ಗುಗಳನ್ನು ಒಟ್ಟುಮಾಡಿ ಬರೆದದ್ದು ಒಂದು ಹಾಳೆ. ಎರಡು, ನಾಲ್ಕು, ಆರನೆಯವು ಇನ್ನೊಂದು. ಗ್ರಹವಾದರೆ ಪ್ರತಿ ಸಲವೂ ಅಷ್ಟೇ ಬೆಳಕು ಮುಚ್ಚುತ್ತದೆ, ಒಂದರ ಮೇಲೊಂದಿಟ್ಟರೆ ಎರಡೂ ಕೂಡಬೇಕು ಎಂದರು. ಇಟ್ಟೆ. ತಗ್ಗುಗಳ ತಳ ಕೂದಲೆಳೆಯಷ್ಟು ಹೆಚ್ಚುಕಡಿಮೆ ಬಂತು, ಕೂಡಲಿಲ್ಲ.

"ನಿಮ್ಮ ಮಶೀನಿಗೆ ವಯಸ್ಸಾತ್ರಿ ಅಣ್ಣಾರ," ಎಂದು ನಕ್ಕರು.

ಮಾತು ಚುಚ್ಚಿತು. ಆ ಮಶೀನನ್ನು ದಿನಾ ಬಿಚ್ಚಿ ಒರೆಸಿ ಇಡುತ್ತಿದ್ದವನು ನಾನು. ಸುಮ್ಮನಿದ್ದಿದ್ದರೆ...

"ಗೆರಿ ಸುತ್ತಿನ ಚೌಕಟ್ಟು ನೋಡ್ರಿ ಅಕ್ಕಾರ. ನಾಕೂ ಮೂಲಿ ಕೂಡ್ಯಾವು. ಮಶೀನ್ ತಪ್ಪಿದ್ರ ಅವೂ ತಪ್ಪತಿದ್ದು. ತಗ್ಗುಗಳೇ ಬ್ಯಾರೆ ಅದಾವ."

ಬಗ್ಗಿ ನೋಡಿದರು. ಹಾಳೆಗಳನ್ನು ಸರಿಸಿದರು, ಮತ್ತೆ ಸರಿಸಿದರು. ನಗು ಹೋಗಿತ್ತು.

ವಾರದ ಮೇಲೆ ಬಂದು ತಿಳಿಸಿದರು: ಅಲ್ಲಿ ಗ್ರಹವಿಲ್ಲ. ಎರಡು ನಕ್ಷತ್ರಗಳು ಸರದಿಯ ಮೇಲೆ ಒಂದನ್ನೊಂದು ಮರೆಮಾಡುತ್ತವೆ, ಒಂದು ತುಸು ಮಂಕು, ಅದಕ್ಕೇ ತಗ್ಗುಗಳು ಬೇರೆ. ಮಗ್ಗುಲ ಮೂರನೆಯ ನಕ್ಷತ್ರದ ಬೆಳಕು ಬೆರೆತು, ದೊಡ್ಡ ತಗ್ಗು ಗ್ರಹದ ತಗ್ಗಿನಷ್ಟು ಸಣ್ಣದಾಗಿ ಕಂಡಿತ್ತು. ಕಂಪ್ಯೂಟರಿನ ಲೆಕ್ಕದಲ್ಲೂ ಆ ವ್ಯತ್ಯಾಸ ಇತ್ತಂತೆ; ಅಳತೆಯ ಏರುಪೇರು ಎಂದು ಅವರೇ ಬಿಟ್ಟಿದ್ದರಂತೆ.

ನಾನು ಆ ಮಾತು ಆಡಬಾರದಿತ್ತು ಎಂದೆ.

"ನನಗ ಗ್ರಹ ಬೇಕಾಗಿತ್ತ್ರಿ, ಅದಕ್ಕ ಕಾಣಲಿಲ್ಲ," ಎಂದರು. "ನಿಮಗ ಬೇಕಾಗಿರ್ಲಿಲ್ಲ."

ಆಮೇಲೆ ಅವರು ಬರಲಿಲ್ಲ. ಪಿಎಚ್‌ಡಿ ಬಿಟ್ಟು ಊರಿಗೆ ಹೋದರು ಎಂದು ಅವರ ಜೊತೆಯವರೊಬ್ಬರು ಹೇಳಿದರು. ಆ ದಿನ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಹೇಳಿ ಹೇಳಿ ದಣಿದಿದ್ದೇನೆ...

ಈಗ ನನಗೆ ಇದೇ ಊರಿನ ಬಿಬವೇವಾಡಿಯಲ್ಲಿ ಎರಡು ಕೋಣೆ, ಶಿವಾಜಿನಗರದಲ್ಲಿ ಎರಡು ಅಂಗಡಿ, ಐದು ಮಶೀನು, ಮೂವರು ಕೆಲಸದವರು. ಅಕ್ಕಾರಿಗೆ ಏನು ಉಳಿಯಿತೋ ತಿಳಿಯದು.